ನಗುವುದಾದರೆ ಪೂರ್ತಿ ಓದಿ ನಗಿ

ನಾರುವ ಶೂಗಳ ಬಗ್ಗೆ ಸಂಶೋಧನೆ ಮಾಡಿದ ಇಬ್ಬರು ಭಾರತೀಯರಿಗೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ, ನಗೆ ತರಿಸುವ ಸಂಶೋಧನೆಗಳಿಗೆಂದೇ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಬಂತು. ಪತ್ರಿಕೆಗಳ ಒಳಪುಟದಲ್ಲಿ ಅಂಗೈಯಗಲ ಜಾಗ ಸಿಕ್ಕಿದ ಸುದ್ದಿ. ಅಷ್ಟಕ್ಕೇ ಕೆಲವರ ಪಿತ್ತ ಕೆರಳಿತು. ಈ ಪ್ರಶಸ್ತಿ ಪ್ರಕಟವಾದಾಗಲೆಲ್ಲ ಕೇಳಿಬರುವ ಆಕ್ಷೇಪಗಳೇ ಮತ್ತೆ ಕೇಳಿಬಂದವು: ಇದೂ ಒಂದು ಸಂಶೋಧನೆಯೇ, ಪರದೇಶದವರು ನಮ್ಮನ್ನು ಆಡಿಕೊಳ್ಳುತ್ತಿದ್ದಾರೆ, ಜನರ ದುಡ್ಡು ಪೋಲಾಗುತ್ತಿದೆ, ವಿಜ್ಞಾನದ ಮಾನ ಹೋಗುತ್ತಿದೆ. ಪ್ರತಿಸಲವೂ ಸುಮ್ಮನಿರುತ್ತಿದ್ದೆ. ಈ ಸಲ ಒಂದೊಂದಕ್ಕೂ ಉತ್ತರ ಕೊಟ್ಟೇಬಿಡೋಣ ಅನ್ನಿಸಿದೆ.

ಮೊದಲನೆಯದು ‘ಕೆಲಸವಿಲ್ಲದ ಬಡಗಿ’ ಆಕ್ಷೇಪ. ಗಾದೆಯ ಉಳಿದ ಭಾಗ ಎಲ್ಲರಿಗೂ ಗೊತ್ತು, ಇಲ್ಲಿ ಬೇಡ. ಈ ಇಬ್ಬರು ಕೆತ್ತಿದ್ದೇನು ಅಂತ ನೋಡೋಣ. ವಿಕಾಶ್ ಕುಮಾರ್ ದೆಹಲಿ ಪಕ್ಕದ ಶಿವ ನಾಡಾರ್ ವಿಶ್ವವಿದ್ಯಾಲಯದಲ್ಲಿ ವಿನ್ಯಾಸದ ಮೇಷ್ಟ್ರು. ಸಾರ್ಥಕ್ ಮಿತ್ತಲ್ ಅವರ ಶಿಷ್ಯ. ಹಾಸ್ಟೆಲ್ಲಿನ ಓಣಿಯುದ್ದಕ್ಕೂ ಕೋಣೆಗಳ ಹೊರಗೆ ಶೂಗಳು ಬಿದ್ದಿರುವುದನ್ನು ಇವರು ಕಂಡರು. ಒಳಗೆ ಜಾಗ ಸಾಲದೆ ಹೊರಗಿಟ್ಟಿರಬೇಕು ಅಂತ ಮೊದಲು ಎಣಿಸಿದರಂತೆ. ಕಾರಣ ಜಾಗವಲ್ಲ, ನಾತ. 149 ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ತನ್ನದೋ ಪಕ್ಕದವನದೋ ಶೂವಿನ ವಾಸನೆಯಿಂದ ಮುಜುಗರಪಟ್ಟವರು ಅರ್ಧಕ್ಕಿಂತ ಹೆಚ್ಚಿದ್ದರು. ಬೆವರಿದ ಶೂವಿನಲ್ಲಿ ಬೆಳೆಯುವ ಕೈಟೊಕಾಕಸ್ ಸೆಡೆಂಟೇರಿಯಸ್ ಎಂಬ ಬ್ಯಾಕ್ಟೀರಿಯಾ ಆ ವಾಸನೆಗೆ ಕಾರಣ. ಅದನ್ನು ಕೊಲ್ಲಲು ಇವರು ಶೂ ಸ್ಟ್ಯಾಂಡಿಗೆ ನೇರಳಾತೀತ ದೀಪ ಕೂರಿಸಿ ನೋಡಿದರು. ಎರಡು ಮೂರು ನಿಮಿಷ ಬೆಳಕು ಬಿಟ್ಟರೆ ಸಾಕು, ವಾಸನೆ ಮಾಯ. ಇನ್ನೂ ಹೊತ್ತು ಬಿಟ್ಟರೆ ರಬ್ಬರೇ ಸುಡುತ್ತದೆ. ಚಪ್ಪಲಿ, ಶೂ ಹೊರಗೆ ಬಿಟ್ಟು ಮನೆಯೊಳಗೆ ಕಾಲಿಡುವ ದೇಶ ನಮ್ಮದು. ಬಾಗಿಲ ಪಕ್ಕದ ಸ್ಟ್ಯಾಂಡಿನ ಕಡೆ ಮೂಗು ಮುಚ್ಚಿಕೊಂಡು ಓಡಾಡುವ ನಾವು ಇದನ್ನು ಕೆಲಸವಿಲ್ಲದವರ ಕೆಲಸ ಅನ್ನಬಹುದೇ? ಅಂದವರು ಒಮ್ಮೆ ತಮ್ಮ ಮನೆಯ ಕಾಲೇಜು ಹುಡುಗನ ಶೂ ಕೈಗೆತ್ತಿಕೊಳ್ಳಲಿ, ಆಮೇಲೆ ಮಾತಾಡೋಣ.

ಎರಡನೆಯ ಆಕ್ಷೇಪದಲ್ಲಿ ದೇಶಾಭಿಮಾನವಿದೆ, ಹಾಗಾಗಿ ಸ್ವಲ್ಪ ಗೌರವದಿಂದಲೇ ಉತ್ತರಿಸಬೇಕು. ಬಿಳಿಯರು ಒಟ್ಟಿಗೆ ಕೂತು ನಮ್ಮನ್ನು ನಗೆಪಾಟಲು ಮಾಡುತ್ತಿದ್ದಾರೆ ಎಂಬುದು ಇವರ ದೂರು. ಸ್ವಾಮಿ, ಈ ದೂರನ್ನು ನಿಮಗಿಂತ ಮೊದಲು ಕೊಟ್ಟವರು ಬಿಳಿಯರೇ. 1995ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನ ಸಂಶೋಧಕರಿಗೆ ಇಗ್ ನೊಬೆಲ್ ಬಂತು. ಬೆಳಗಿನ ತಿಂಡಿಯ ಸೀರಿಯಲ್ ಹಾಲಿನಲ್ಲಿ ನೆನೆದು ಮೆತ್ತಗಾಗುವುದು ಹೇಗೆ ಎಂಬುದು ಅವರ ಅಧ್ಯಯನ. ಪತ್ರಿಕೆಗಳು ನಕ್ಕವು. ಬ್ರಿಟನ್ ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರ ರಾಬರ್ಟ್ ಮೇ ಮುನಿಸಿಕೊಂಡರು. ಇನ್ನು ಮುಂದೆ ಬ್ರಿಟಿಷ್ ವಿಜ್ಞಾನಿಗಳಿಗೆ ಈ ಪ್ರಶಸ್ತಿ ಕೊಡಬೇಡಿ ಅಂತ ಸಂಘಟಕರನ್ನು ಕೇಳಿಕೊಂಡರು. ಸಂಘಟಕರು ಕಿವಿಗೆ ಹಾಕಿಕೊಳ್ಳಲಿಲ್ಲ, ಬ್ರಿಟಿಷರು ಗೆಲ್ಲುತ್ತಲೇ ಇದ್ದಾರೆ. ಬ್ರಿಟನ್ನಿನ ಮಾನ ಕಾಯಲು ಹೊರಟ ಈ ಮೇ ಮೂಲತಃ ಆಸ್ಟ್ರೇಲಿಯಾದವರು.

ಗೆದ್ದವರನ್ನು ಕೇಳದೆ ಪ್ರಶಸ್ತಿ ಕೊಟ್ಟು ಮರ್ಯಾದೆ ಕಳೆಯುತ್ತಾರೆ ಎಂಬ ನಂಬಿಕೆಯೂ ಇದೆ. ಹಾಗಿಲ್ಲ. ಮಾರ್ಕ್ ಅಬ್ರಹಾಮ್ಸ್ 1991ರಲ್ಲಿ ಶುರುಮಾಡಿದ ಈ ಪ್ರಶಸ್ತಿಗೆ ಆಯ್ಕೆಯಾದ ಸಂಶೋಧಕರಿಗೆ ಗುಟ್ಟಾಗಿ ಮೊದಲೇ ತಿಳಿಸುತ್ತಾರೆ. ಬೇಡವೆಂದರೆ ಮಾತು ಅಲ್ಲಿಗೇ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಒಪ್ಪಿದವರಲ್ಲಿ ಎಷ್ಟೋ ಜನ ಕೈಯಿಂದ ದುಡ್ಡು ಹಾಕಿಕೊಂಡು ಹೋಗಿ ಬಂದಿದ್ದಾರೆ. ಅಲ್ಲಿ ಬಹುಮಾನ ಕೈಗಿಡುವವರು ಅಸಲಿ ನೊಬೆಲ್ ಪಡೆದ ವಿಜ್ಞಾನಿಗಳು. ಜೊತೆಗೆ ಸಿಗುವ ನಗದು 10 ಲಕ್ಷ ಕೋಟಿ ಡಾಲರ್. ಜಿಂಬಾಬ್ವೆಯದು, ಚಲಾವಣೆಯಲ್ಲಿಲ್ಲದ್ದು, ಒಂದೇ ನೋಟು.

ಬೆಂಗಳೂರಿಗೂ ಈ ಪ್ರಶಸ್ತಿ ಬಂದಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 2001ರಲ್ಲಿ ನಿಮ್ಹಾನ್ಸ್‌ನ ಡಾ. ಚಿತ್ತರಂಜನ್ ಆಂಡ್ರಾಡೆ ಮತ್ತು ಡಾ. ಬಿ.ಎಸ್. ಶ್ರೀಹರಿ ಅವರಿಗೆ ಸಾರ್ವಜನಿಕ ಆರೋಗ್ಯದ ಇಗ್ ನೊಬೆಲ್ ಸಿಕ್ಕಿತು. ವಿಷಯ, ಮೂಗಿನಲ್ಲಿ ಬೆರಳು ಹಾಕಿಕೊಳ್ಳುವುದು. ನಗರದ ನಾಲ್ಕು ಶಾಲೆಗಳ 200 ಹದಿಹರೆಯದ ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟು ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ. ದಿನಕ್ಕೆ 20ಕ್ಕೂ ಹೆಚ್ಚು ಸಲ ಬೆರಳು ಹಾಕುವವರು ಶೇ 7.6ರಷ್ಟಿದ್ದರು. ಕಾಲುಭಾಗದಷ್ಟು ಮಕ್ಕಳಿಗೆ ಇದರಿಂದ ಮೂಗಿನಲ್ಲಿ ರಕ್ತ ಬಂದಿತ್ತು. ಬಡವರ ಮಕ್ಕಳು, ಸಿರಿವಂತರ ಮಕ್ಕಳು ಎಂಬ ಭೇದವಿಲ್ಲ. ಇಷ್ಟು ಸಮಾನತೆಯನ್ನು ನಾವು ಬೇರೆಲ್ಲೂ ಸಾಧಿಸಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಕಿ. ತಮ್ಮ ಈ ಚಟ ಗಂಭೀರವಾದ ಸಮಸ್ಯೆಯಾಗಿದೆ ಅಂತ ತಾವಾಗಿಯೇ ಬರೆದುಕೊಟ್ಟ ಮಕ್ಕಳು ಶೇ 17ರ ಹತ್ತಿರ ಇದ್ದರು. ಉಗುರು ಕಚ್ಚುವುದು, ಕೂದಲು ಕೀಳುವುದು, ಒಂದೇ ಜಾಗ ಕೆರೆದುಕೊಳ್ಳುವುದು ಇವೂ ಆ ಮಕ್ಕಳಲ್ಲಿ ಸಾಕಷ್ಟು ಕಂಡವು. ಬಿಡಬೇಕೆಂದರೂ ಬಿಡಲಾಗದ ಅಭ್ಯಾಸ ಯಾವ ಹಂತದಲ್ಲಿ ಕಾಯಿಲೆಯಾಗುತ್ತದೆ ಎಂಬುದು ಮನೋವೈದ್ಯರ ದಿನನಿತ್ಯದ ಪ್ರಶ್ನೆ. ಮೂಗಿನಿಂದ ರಕ್ತ ಸುರಿಸಿಕೊಂಡು ಬಂದ ಮಗನನ್ನು ‘ಕೈ ತೆಗಿಯೋ’ ಅಂತ ಗದರಿಸುವ ಅಮ್ಮ, ಮರುದಿನವೂ ಅದನ್ನೇ ಯಾಕೆ ಗದರಿಸಬೇಕಾಗುತ್ತದೆ ಅಂತ ಕೇಳಿದವರು ಅವರು. ಅಂಥವರು ಬೇರೆಯವರ ಮೂಗಿನ ವಿಷಯದಲ್ಲಿ ಮೂಗು ತೂರಿಸಿದ್ದನ್ನು ತಾವೇ ವೇದಿಕೆಯಲ್ಲಿ ಹಾಸ್ಯ ಮಾಡಿ ಸಭೆಯನ್ನು ನಗಿಸಿ ಬಂದರು. ಅವಮಾನವಾಯಿತು ಅಂತ ಅಳುತ್ತಿರುವವರು ನಾವು, ಅವರಲ್ಲ.

ದೇಶಾಭಿಮಾನಿಗಳ ಕಡೆಯಿಂದಲೇ ಬರುವ ಇನ್ನೊಂದು ಮಾತು ಬಡವರನ್ನು ಕುರಿತದ್ದು. ‘ಪಾಪ, ಆ ಉತ್ತರ ಪ್ರದೇಶದ ರೈತನನ್ನೂ ಬಿಡಲಿಲ್ಲವಲ್ಲ’ ಅನ್ನುತ್ತಾರೆ. ಆ ರೈತ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ, 2003ರ ಶಾಂತಿ ಪ್ರಶಸ್ತಿ ವಿಜೇತ. 1975ರಿಂದ 1994ರವರೆಗೆ ಸರ್ಕಾರದ ದಾಖಲೆಯಲ್ಲಿ ಅವರು ಸತ್ತಿದ್ದರು. ಸಾಲಕ್ಕೆ ಅರ್ಜಿ ಹಾಕಲು ಹೋದಾಗಲೇ ತಾನು ತೀರಿಕೊಂಡಿರುವುದು ಅವರಿಗೆ ತಿಳಿದದ್ದು. ಚಿಕ್ಕಪ್ಪ ಕಚೇರಿಯವರ ಕೈಬೆಚ್ಚಗೆ ಮಾಡಿ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಪಹಣಿ, ಪೌತಿ ಖಾತೆ ಅಂತ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿಳಿದವರಿಗೆ ಇದು ಕಥೆಯಂತೆ ಕೇಳಿಸುವುದಿಲ್ಲ. ಬದುಕಿದ್ದೇನೆ ಅಂತ ಸಾಬೀತು ಮಾಡಲು ಲಾಲ್ ಬಿಹಾರಿ ಮಾಡದ ಉಪಾಯವಿಲ್ಲ. ಹೆಸರಿನ ಮುಂದೆ ‘ಮೃತಕ’ ಅಂತ ಸೇರಿಸಿಕೊಂಡರು. ಹೆಂಡತಿಗೆ ವಿಧವಾ ವೇತನ ಕೊಡಿ ಅಂತ ಕೇಳಿದರು. 1988ರಲ್ಲಿ ವಿ.ಪಿ. ಸಿಂಗ್ ವಿರುದ್ಧ, 1989ರಲ್ಲಿ ರಾಜೀವ್ ಗಾಂಧಿ ವಿರುದ್ಧ ಚುನಾವಣೆಗೆ ನಿಂತರು. ಇದೇ ಗತಿಯಾದವರನ್ನೆಲ್ಲ ಕೂಡಿಸಿ ಮೃತಕ ಸಂಘ ಕಟ್ಟಿದರು. ಇಗ್ ನೊಬೆಲ್‌ನವರು ಕೊಂಡಾಡಿದ್ದು ಈ ಹೋರಾಟವನ್ನು. ಅವರು ನಕ್ಕಿದ್ದು ಕಂದಾಯ ಇಲಾಖೆಯನ್ನು ಕಂಡು, ರೈತನನ್ನು ಕಂಡಲ್ಲ. ಹಾಗೆ ನೋಡಿದರೆ ಬಡವರಿಗಿಂತ ದೊಡ್ಡವರಿಗೇ ಇವರ ಏಟು ಜೋರು. 1998ರಲ್ಲಿ ಅಣುಬಾಂಬ್ ಸಿಡಿಸಿದ್ದಕ್ಕೆ ವಾಜಪೇಯಿ ಮತ್ತು ನವಾಜ್ ಷರೀಫ್ ಇಬ್ಬರಿಗೂ ಸೇರಿಸಿ ಶಾಂತಿ ಪ್ರಶಸ್ತಿ ಕೊಟ್ಟರು. 2020ರಲ್ಲಿ ಭಾರತ, ಪಾಕಿಸ್ತಾನ ಎರಡೂ ಸರ್ಕಾರಗಳಿಗೆ ಮತ್ತೆ ಕೊಟ್ಟರು. ಅಪರಾತ್ರಿಯಲ್ಲಿ ಪರಸ್ಪರರ ರಾಜತಾಂತ್ರಿಕರ ಮನೆ ಬೆಲ್ ಒತ್ತಿ ಓಡಿಹೋದದ್ದಕ್ಕೆ. ಓಣಿ ಹುಡುಗರ ಆಟವನ್ನು ಎರಡು ಅಣ್ವಸ್ತ್ರ ರಾಷ್ಟ್ರಗಳು ಆಡಿದರೆ ಹೊರಗಿನವರು ಇನ್ನೇನು ಮಾಡಬೇಕು?

ಇನ್ನು ದುಡ್ಡು. ‘ನಮ್ಮ ತೆರಿಗೆಯ ಹಣ’ ಎಂದು ಶುರುವಾಗುವ ಮಾತಿಗೆ ಎದುರಾಡುವುದು ಕಷ್ಟ. ಆದರೂ ಮೊದಲು ಒಂದು ಬಿಟ್ಟಿ ಸಂಶೋಧನೆ ಹೇಳುತ್ತೇನೆ. ನೆಟಿಕೆ ತೆಗೆದರೆ ಕೀಲುನೋವು ಬರುತ್ತದೆ ಎಂದು ಕ್ಯಾಲಿಫೋರ್ನಿಯಾದ ವೈದ್ಯ ಡೊನಾಲ್ಡ್ ಉಂಗರ್ ಅವರನ್ನು ಚಿಕ್ಕಂದಿನಲ್ಲಿ ತಾಯಿ, ಚಿಕ್ಕಮ್ಮಂದಿರು ಗದರಿಸುತ್ತಿದ್ದರು. ನೋಡಿಯೇಬಿಡೋಣ ಅಂತ 60 ವರ್ಷಕ್ಕೂ ಮಿಕ್ಕಿ ಎಡಗೈಯದು ಮಾತ್ರ ದಿನಕ್ಕೆರಡು ಸಲ ನೆಟಿಕೆ ತೆಗೆದು, ಬಲಗೈಯನ್ನು ಹೋಲಿಕೆಗೆಂದು ಹಾಗೇ ಬಿಟ್ಟರು. ಎರಡೂ ಕೈಯಲ್ಲಿ ವ್ಯತ್ಯಾಸ ಬರಲಿಲ್ಲ. 2009ರಲ್ಲಿ ವೈದ್ಯಕೀಯ ಇಗ್ ನೊಬೆಲ್ ಬಂತು. ಸರ್ಕಾರಕ್ಕೆ ಬಿಡಿಗಾಸಿನ ಖರ್ಚಿಲ್ಲ.

ಸರ್ಕಾರದ ದುಡ್ಡಿನಲ್ಲೇ ನಡೆದದ್ದರ ಲೆಕ್ಕವೂ ಬೇಕೆನ್ನುತ್ತೀರಾ? ವಿಲಿಯಂ ಪ್ರಾಕ್ಸ್‌ಮೈರ್ ಅನ್ನುವ ಅಮೆರಿಕದ ಸೆನೆಟರ್ ಒಬ್ಬರಿದ್ದರು. 1975ರಿಂದ 1988ರವರೆಗೆ ‘ಗೋಲ್ಡನ್ ಫ್ಲೀಸ್’ ಎಂಬ ಬಿರುದು ಕೊಟ್ಟು ದುಂದುವೆಚ್ಚದ ಯೋಜನೆಗಳನ್ನು ಅಣಕಿಸುತ್ತಿದ್ದರು. ಮೊದಲ ಬಿರುದು, ಜನ ಯಾಕೆ ಪ್ರೀತಿಸುತ್ತಾರೆ ಎಂಬ 84,000 ಡಾಲರಿನ ಅಧ್ಯಯನಕ್ಕೆ. ನಮ್ಮ ಟೀಕಾಕಾರರ ತರ್ಕಕ್ಕೆಲ್ಲ ಮೂಲಪುರುಷ ಇವರೇ. ಶೀರ್ಷಿಕೆ ಓದಿ ತೀರ್ಪು ಕೊಡುವುದು ಈ ತರ್ಕದ ಒಟ್ಟು ಸಾರ. ಈಗ ಈ ಶೀರ್ಷಿಕೆ ನೋಡಿ: ಸ್ಕ್ರೂವರ್ಮ್ ನೊಣದ ಕೂಡುವಿಕೆಯ ಅಧ್ಯಯನ. ಶಾಸನಸಭೆಯಲ್ಲಿ ಓದಿದರೆ ಬೆಂಚು ಬಡಿದು ನಗುತ್ತಾರೆ. ಈ ನೊಣ ದನದ ಗಾಯದಲ್ಲಿ ಮೊಟ್ಟೆಯಿಡುತ್ತದೆ, ಹುಳು ಬಿದ್ದು ಜೀವಂತ ಮಾಂಸವನ್ನೇ ತಿನ್ನುತ್ತದೆ. ಹೆಣ್ಣು ನೊಣ ಬದುಕಿನಲ್ಲಿ ಒಂದೇ ಸಲ ಕೂಡುತ್ತದೆ ಎಂಬ ಸಂಗತಿಯನ್ನು ಎಡ್ವರ್ಡ್ ನಿಪ್ಲಿಂಗ್, ರೇಮಂಡ್ ಬುಶ್‌ಲ್ಯಾಂಡ್ ಎಂಬಿಬ್ಬರು ಹಿಡಿದುಕೊಂಡರು. ಹಾಗಿದ್ದರೆ ಗಂಡು ನೊಣಗಳನ್ನು ವಿಕಿರಣದಿಂದ ಬಂಜೆಯಾಗಿಸಿ ರಾಶಿರಾಶಿ ಬಿಟ್ಟರೆ ಹೆಣ್ಣಿನ ಆ ಒಂದು ಅವಕಾಶವೂ ವ್ಯರ್ಥವಾಗಿ ಸಂತಾನವೇ ನಿಲ್ಲಬೇಕಲ್ಲ? ನಿಂತಿತು. 1966ರ ಹೊತ್ತಿಗೆ ಅಮೆರಿಕ ಬಹುಮಟ್ಟಿಗೆ ಆ ನೊಣದಿಂದ ಪಾರಾಯಿತು, ಆಮೇಲೆ ಅದನ್ನು ಪನಾಮಾದ ತನಕ ಅಟ್ಟಿದರು. ಇಬ್ಬರಿಗೂ 1992ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಈಚೆಗೆ ನೊಣ ಮತ್ತೆ ಉತ್ತರಕ್ಕೆ ಬಂದಿದೆ. 2025ರಲ್ಲಿ ಅಮೆರಿಕ ಮೆಕ್ಸಿಕೋದ ದನಗಳಿಗೆ ಗಡಿ ಮುಚ್ಚಿತು, ಬಂಜೆ ನೊಣ ತಯಾರಿಸುವ ಕಾರ್ಖಾನೆ ಕಟ್ಟಲು ಹೊರಟಿತು. ನೊಣದ ಸಂಸಾರದಲ್ಲಿ ಇಣುಕಿದವರನ್ನು ನೋಡಿ ಈಗ ಟೆಕ್ಸಸ್‌ನ ರೈತರಾರೂ ನಗುತ್ತಿಲ್ಲ.

ದೊಡ್ಡ ವಿಜ್ಞಾನಿಗಳು ಇಂಥ ಹುಡುಗಾಟ ಆಡುವುದಿಲ್ಲ ಎಂಬ ಆಕ್ಷೇಪಕ್ಕೆ ಎರಡು ಹೆಸರು ಸಾಕು. ಆಂದ್ರೆ ಗೈಮ್ ಬಲವಾದ ಅಯಸ್ಕಾಂತದ ನಡುವೆ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದಕ್ಕೆ 2000ದಲ್ಲಿ ಇಗ್ ನೊಬೆಲ್ ಪಡೆದರು. ಗ್ರಾಫೀನ್ ಕೆಲಸಕ್ಕೆ 2010ರಲ್ಲಿ ಅಸಲಿ ನೊಬೆಲ್ ಪಡೆದರು. ಪೆನ್ಸಿಲ್ಲಿನ ಕಪ್ಪು ಗ್ರಾಫೈಟನ್ನು ಅಂಟುಟೇಪಿನಲ್ಲಿ ಪದರ ಪದರವಾಗಿ ಕಿತ್ತು ಗ್ರಾಫೀನ್ ತೆಗೆದ ಆ ಕೆಲಸವೂ ನೋಡಿದವರಿಗೆ ಹುಡುಗಾಟದಂತೆಯೇ ಕಾಣುತ್ತಿತ್ತು. ರಾಯ್ ಗ್ಲಾಬರ್ ಹಾರ್ವರ್ಡ್‌ನ ಭೌತವಿಜ್ಞಾನಿಯಾಗಿದ್ದವರು. ಇಗ್ ನೊಬೆಲ್ ಸಭೆಯಲ್ಲಿ ಪ್ರೇಕ್ಷಕರು ಕಾಗದದ ವಿಮಾನ ಎಸೆಯುವುದು ವಾಡಿಕೆ. ವೇದಿಕೆಯ ಮೇಲೆ ಬಿದ್ದ ವಿಮಾನಗಳನ್ನು ಈ ಮುದುಕರು ಪೊರಕೆ ಹಿಡಿದು ವರ್ಷಗಟ್ಟಲೆ ಗುಡಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು.

ಟೀಕಾಕಾರರ ಒಂದು ಮಾತನ್ನು ಮಾತ್ರ ನಾನು ಒಪ್ಪುತ್ತೇನೆ: ಈ ಸುದ್ದಿ ಓದಿದ ಜನಕ್ಕೆ ವಿಜ್ಞಾನಿಗಳೆಲ್ಲ ತಿಕ್ಕಲರು ಅನ್ನಿಸುತ್ತದೆ. ನಿಜ. ಆದರೆ ತಪ್ಪು ಪ್ರಶಸ್ತಿಯವರದಲ್ಲ. ಮೊದಲು ನಗಿಸಬೇಕು, ಆಮೇಲೆ ಯೋಚನೆಗೆ ಹಚ್ಚಬೇಕು ಎಂಬುದು ಅವರ ನಿಯಮ. ಪತ್ರಿಕೆಯವರಾದ ನಾವು ಮೊದಲ ಅರ್ಧವನ್ನು ಅಚ್ಚುಹಾಕಿ ಎರಡನೆಯ ಅರ್ಧವನ್ನು ಜಾಗವಿಲ್ಲವೆಂದು ಕತ್ತರಿಸುತ್ತೇವೆ. ಮಲೇರಿಯಾ ಹರಡುವ ಆಫ್ರಿಕಾದ ಸೊಳ್ಳೆಗೆ ಲಿಂಬರ್ಗರ್ ಚೀಸಿನ ವಾಸನೆ ಇಷ್ಟ ಎಂದು ತೋರಿಸಿದ್ದಕ್ಕೆ 2006ರಲ್ಲಿ ಬಾರ್ಟ್ ನೋಲ್ಸ್ ಅವರಿಗೆ ಪ್ರಶಸ್ತಿ ಬಂದಾಗ ‘ಸೊಳ್ಳೆಗೆ ಚೀಸ್ ಊಟ’ ಎಂಬಷ್ಟೇ ಸುದ್ದಿಯಾಗುತ್ತದೆ. ಆ ಚೀಸಿನಲ್ಲಿರುವ ಬ್ಯಾಕ್ಟೀರಿಯಾವೂ ನಮ್ಮ ಕಾಲಿನ ವಾಸನೆಗೆ ಕಾರಣವಾದದ್ದೂ ದಾಯಾದಿಗಳು, ಸೊಳ್ಳೆ ಬಂದು ಕಚ್ಚುವುದು ಕಾಲಿನ ವಾಸನೆ ಹಿಡಿದು, ಅದೇ ವಾಸನೆಯಿಂದ ಅದನ್ನು ಬಲೆಗೆ ಬೀಳಿಸಬಹುದು, ಇಷ್ಟೂ ಬಿಟ್ಟುಹೋಗುತ್ತದೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಶ್ರೀಕುಮಾರ್, ನಿರ್ಮಲನ್ ಇಬ್ಬರೂ ಆನೆಯ ಮೈಚರ್ಮದ ಒಟ್ಟು ವಿಸ್ತೀರ್ಣ ಲೆಕ್ಕ ಹಾಕಿದರು, 2002ರಲ್ಲಿ ಗಣಿತದ ಪ್ರಶಸ್ತಿ ಬಂತು. ಎತ್ತರ ಮತ್ತು ಮುಂಗಾಲಿನ ಪಾದದ ಸುತ್ತಳತೆ ಗೊತ್ತಿದ್ದರೆ ಸಾಕು, ಅವರ ಸೂತ್ರದಿಂದ ವಿಸ್ತೀರ್ಣ ಸಿಗುತ್ತದೆ. ಅಷ್ಟು ದೊಡ್ಡ ಮೈ ಬಿಸಿಲಲ್ಲಿ ಎಷ್ಟು ಶಾಖ ಹೊರಬಿಡುತ್ತದೆ ಎಂಬ ಲೆಕ್ಕಕ್ಕೆ ಇದೇ ಬುಡ. ನಮಗೆ ಆನೆ ಮೈಮೇಲೆ ಟೇಪು ಹಿಡಿದವರ ಚಿತ್ರ ಸಿಕ್ಕರೆ ಸಾಕಾಗುತ್ತದೆ.

ಕೊನೆಯದು ಗಾಂಭೀರ್ಯದ ಪ್ರಶ್ನೆ. ಪ್ರಶಸ್ತಿ ಸಮಾರಂಭಕ್ಕೆ ಒಂದು ಮರ್ಯಾದೆ ಬೇಡವೇ ಅನ್ನುತ್ತಾರೆ. ನಮ್ಮ ಸಮಾರಂಭಗಳ ಮರ್ಯಾದೆ ನನಗೂ ಗೊತ್ತು. ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಸನ್ಮಾನಿತರಿಗೆ ಮೈಕು ಸಿಗುವ ಹೊತ್ತಿಗೆ ಅಡುಗೆಯವರು ಹಿಂಬಾಗಿಲಿಂದ ಇಣುಕುತ್ತಿರುತ್ತಾರೆ. ಇಗ್ ನೊಬೆಲ್‌ನವರು ಎಷ್ಟೋ ವರ್ಷ ಇದಕ್ಕೊಂದು ಮದ್ದು ಮಾಡಿದ್ದರು. ಎಂಟು ವರ್ಷದ ಹುಡುಗಿಯೊಬ್ಬಳನ್ನು ವೇದಿಕೆಯಲ್ಲಿ ಕೂರಿಸುತ್ತಿದ್ದರು. ಭಾಷಣ ಒಂದು ನಿಮಿಷ ದಾಟಿತೋ, ಅವಳು ಎದ್ದು ಬಂದು ‘ದಯವಿಟ್ಟು ನಿಲ್ಲಿಸಿ, ನನಗೆ ಬೇಜಾರಾಗ್ತಿದೆ’ ಅಂತ ಹೇಳುತ್ತಲೇ ಇರುತ್ತಿದ್ದಳು, ಮಾತಾಡುತ್ತಿರುವವರು ಬಾಯಿ ಮುಚ್ಚುವವರೆಗೂ. ಅವಳಿಗೆ ಮಿಠಾಯಿ ಲಂಚ ಕೊಟ್ಟು ಸುಮ್ಮನಾಗಿಸಲು ಹೋದ ವಿಜ್ಞಾನಿಗಳೂ ಇದ್ದರು. ಈ ಪದ್ಧತಿಯನ್ನು ನಮ್ಮ ಸಾಹಿತ್ಯ ಸಮ್ಮೇಳನದ ಗೋಷ್ಠಿಗಳಿಗೂ ತರಬೇಕು ಎಂಬುದು ನನ್ನ ಗಂಭೀರ ಸಲಹೆ. ಅಧ್ಯಕ್ಷೀಯ ಭಾಷಣದವರು ಮೊದಲೇ ಚಾಕೊಲೇಟ್ ಡಬ್ಬಿ ತಂದಿರುತ್ತಾರೆ ಎಂಬ ಭಯವೊಂದಿದೆ.