ಟ್ರಯಲ್ಸ್ ಘಾಟಿ ಹತ್ತಿ ಬರಲಿ

ಬೆಳಿಗ್ಗೆ ಏಳಕ್ಕೆ ಜಿಲ್ಲಾ ಕೇಂದ್ರ ಈರೋಡಿನಲ್ಲಿ ಆಯ್ಕೆ ಟ್ರಯಲ್ಸ್ ಅಂದರೆ, ಕರ್ನಾಟಕದ ಗಡಿಗೆ ಅಂಟಿದ ತಮಿಳುನಾಡಿನ ತಾಳವಾಡಿಯ ಹುಡುಗ ಹಿಂದಿನ ದಿನವೇ ಹೊರಡಬೇಕು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ದಿಂಬಂ ಘಾಟಿಯ 27 ತಿರುವು, ಹುಲಿ ಕಾಡು, ರಾತ್ರಿ ಸಂಚಾರಕ್ಕೆ ನಿರ್ಬಂಧ. ಕೆಳಗೆ ಇಳಿದುಕೊಳ್ಳಲು ನೆಂಟರ ಮನೆ ಇಲ್ಲದವನು ಹೋಗುವುದೇ ಇಲ್ಲ. ಪಕ್ಕದ ಚಾಮರಾಜನಗರವೋ, ಬೇರೆ ರಾಜ್ಯ. ಇಲ್ಲಿನ ಮಕ್ಕಳಿಗೆ ಆಟ ಹೇಳಿಕೊಡುವ ನನಗೆ, ಆಯ್ಕೆಗಾರ ಹೇಗಿರಬೇಕು ಎಂದು ಕೇಳಿದರೆ ಗದಗದ ಕ್ರಿಕೆಟಿಗ ಸುನಿಲ್ ಜೋಶಿ ನೆನಪಾಗುತ್ತಾರೆ.

ಶಾಲೆಯ ದಿನಗಳಲ್ಲಿ ಅವರು ಬೆಳಗಾಗುವ ಮೊದಲೇ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಗಂಟೆ ಹೊಡೆಯುವಷ್ಟರಲ್ಲಿ ಗದಗಕ್ಕೆ ಮರಳುತ್ತಿದ್ದರು. 1995–96ರ ರಣಜಿ ಋತುವಿನಲ್ಲಿ ಐನೂರಕ್ಕೂ ಹೆಚ್ಚು ರನ್, ಐವತ್ತಕ್ಕೂ ಹೆಚ್ಚು ವಿಕೆಟ್. ಅದೇ 1996ರಲ್ಲಿ ಭಾರತದ ಟೆಸ್ಟ್ ಕ್ಯಾಪ್. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಹತ್ತು ಓವರ್, ಆರು ಮೇಡನ್, ಆರೇ ರನ್, ಐದು ವಿಕೆಟ್. ಆ ಅಂಕಿಗಳನ್ನು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಎಡಗೈ ಸ್ಪಿನ್ ಹಾಕುವವರು ಅಲ್ಲಿಂದ ಕಣ್ಣು ಕೀಳುವುದಿಲ್ಲ. ಮರುವರ್ಷ ಢಾಕಾದಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್‌ನಲ್ಲಿ, 92 ರನ್ ಮತ್ತು ಎಂಟು ವಿಕೆಟ್.

ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಬದುಕು. ಜೋಶಿ ಜಮ್ಮು–ಕಾಶ್ಮೀರಕ್ಕೆ ಕೋಚ್ ಆದರು. 2014ರ ಸೆಪ್ಟೆಂಬರ್ ಪ್ರವಾಹದಲ್ಲಿ ಶ್ರೀನಗರದ ಕ್ರೀಡಾಂಗಣವೇ ಮುಳುಗಿತ್ತು. ಸರಿಯಾಗಿ ಅಭ್ಯಾಸಕ್ಕೂ ಜಾಗವಿಲ್ಲದ ಆ ತಂಡ ಡಿಸೆಂಬರ್‌ನಲ್ಲಿ ವಾಂಖೆಡೆಗೆ ಹೋಗಿ, 40 ಬಾರಿ ರಣಜಿ ಗೆದ್ದಿದ್ದ ಮುಂಬೈಯನ್ನು ಸೋಲಿಸಿತು. ಬಳಿಕ ಅವರು ಬಾಂಗ್ಲಾದೇಶದ ಸ್ಪಿನ್ನರ್‌ಗಳಿಗೂ ಪಾಠ ಹೇಳಿದರು.

2020ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ವರ್ಷದ ಆಸ್ಟ್ರೇಲಿಯಾ ಪ್ರವಾಸಕ್ಕೆ ಸಮಿತಿ ಹೆಚ್ಚುವರಿಯಾಗಿ ಕಳಿಸಿದ ನಾಲ್ವರು ಬೌಲರ್‌ಗಳಲ್ಲಿ ಒಬ್ಬ ಟಿ. ನಟರಾಜನ್, ನಮ್ಮ ನೆರೆಯ ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಹುಡುಗ. ನೆಟ್ಸ್‌ಗೆಂದು ಹೋದವನು ಒಂದೇ ಪ್ರವಾಸದಲ್ಲಿ ಮೂರೂ ಮಾದರಿಗೆ ಪದಾರ್ಪಣೆ ಮಾಡಿ ಬಂದ. ಇದು ಒಬ್ಬರ ತೀರ್ಮಾನವಲ್ಲ, ಸಮಿತಿಯದು, ನಿಜ. ಆದರೂ ನಸುಕಿನಲ್ಲಿ ಊರು ಬಿಟ್ಟು ಆಡಲು ಹೋದವರು, ಮೈದಾನವಿಲ್ಲದ ತಂಡವನ್ನು ಕಟ್ಟಿದವರು ಆ ಕುರ್ಚಿಯಲ್ಲಿದ್ದರೆ ಇಂಥ ಹೆಸರು ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು ಎಂದು ನಾನು ನಂಬುತ್ತೇನೆ.

ಆಯ್ಕೆಗಾರರು ಊರಿನೊಳಗಿಂದಲೇ ಬರುವ ಕಡೆಗಳೂ ಇವೆ. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್‌ನಲ್ಲಿ ಆಟಗಾರರು ಸಂಬಳವಿಲ್ಲದೆ ತಮ್ಮೂರಿನ ಕ್ಲಬ್‌ಗೆ, ತಮ್ಮ ಕೌಂಟಿಗೆ ಆಡುತ್ತಾರೆ. ಆಡಿ ಮುಗಿಸಿದವರಲ್ಲಿ ಹಲವರು ಅಲ್ಲಿಯೇ ಕೋಚ್, ಆಯ್ಕೆಗಾರ ಆಗುತ್ತಾರೆ. ಆಯ್ಕೆ ಅಲ್ಲಿ ಊರಿನಿಂದಲೇ ಶುರುವಾಗುತ್ತದೆ.

ನಾನು ಕೇಳುವುದು ಅಷ್ಟು ದೊಡ್ಡದೂ ಅಲ್ಲ. ವರ್ಷಕ್ಕೊಮ್ಮೆ ಕ್ರಿಕೆಟ್, ಕಬಡ್ಡಿ, ಅಥ್ಲೆಟಿಕ್ಸ್ ಆಯ್ಕೆಗಾರರು ತಾಳವಾಡಿಗೆ ಬರಲಿ. ಟ್ರಯಲ್ಸ್ ಹತ್ತು ಗಂಟೆಗೆ ಇಡಲಿ. ಕಾಡಂಚಿನ ಹಾಡಿಗಳ ಮಕ್ಕಳೂ ಬಂದು ಸೇರಲಿ. ಕನ್ನಡ ಶಾಲೆಯಲ್ಲಿ ಓದುವ ಮಕ್ಕಳೊಂದಿಗೆ ಕನ್ನಡದಲ್ಲಿ ಮಾತಾಡುವ ಒಬ್ಬರಾದರೂ ಜೊತೆಗಿರಲಿ. ಬರುವ ಬೇಸಿಗೆ ರಜೆಯಲ್ಲೇ ಶುರು ಮಾಡುವುದಾದರೆ, ಮೈದಾನ ಹದ ಮಾಡಿ ಬಂದವರಿಗೆಲ್ಲ ಊಟ ಹಾಕುವ ಕೆಲಸ ನಮಗೆ ಬಿಡಿ.