ನಿವೃತ್ತಿಯ ಗಡಿ ಮತ್ತು ದೇಶಕಾಲದ ಒಗಟು: ಹುದ್ದೆ ಮುಗಿದರೂ ಮುಗಿಯದ ದುಡಿಮೆ

ಬೆಂಗಳೂರು: ಐಸಾಕ್ ನ್ಯೂಟನ್ ಅವರೂ ಅಲಂಕರಿಸಿದ್ದ ಕೇಂಬ್ರಿಜ್ ವಿಶ್ವವಿದ್ಯಾಲಯದ ಲೂಕೇಷಿಯನ್ ಗಣಿತ ಪೀಠವನ್ನು ಸ್ಟೀಫನ್ ಹಾಕಿಂಗ್ 2009ರಲ್ಲಿ ತೆರವು ಮಾಡಿದರು. ಅನಾರೋಗ್ಯ ಅದಕ್ಕೆ ಕಾರಣವಾಗಿರಲಿಲ್ಲ. ಹೇಳಲು ಹೊಸದೇನೂ ಉಳಿದಿಲ್ಲವೆಂದೂ ಅಲ್ಲ. ಅವರಿಗೆ 67 ವರ್ಷ ತುಂಬಿತ್ತು, ವಿಶ್ವವಿದ್ಯಾಲಯದ ನಿಯಮ ಅಷ್ಟಕ್ಕೇ ಗಡಿ ಹಾಕಿತ್ತು. ಆದರೆ ಅವರ ಸಂಶೋಧನೆಗೆ ಆ ಗಡಿ ಅನ್ವಯಿಸಲಿಲ್ಲ. ಕಪ್ಪುಕುಳಿಯೊಳಗೆ ಬಿದ್ದ ಮಾಹಿತಿ ಏನಾಗುತ್ತದೆ ಎಂಬ ಪ್ರಶ್ನೆಯ ಬಗ್ಗೆ ಮಾಲ್ಕಮ್ ಪೆರ್ರಿ ಮತ್ತು ಆಂಡ್ರ್ಯೂ ಸ್ಟ್ರೋಮಿಂಜರ್ ಅವರೊಂದಿಗೆ 2016ರಲ್ಲಿಯೂ ಹಾಕಿಂಗ್ ಪ್ರಬಂಧ ಪ್ರಕಟಿಸಿದರು. 2018ರ ಮಾರ್ಚ್‌ನಲ್ಲಿ ನಿಧನರಾಗುವವರೆಗೂ ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ನಿರ್ದೇಶಕರಾಗಿದ್ದರು.

ಕೇಂಬ್ರಿಜ್ ತನ್ನ ಅಧ್ಯಾಪಕರ ನಿವೃತ್ತಿ ವಯಸ್ಸನ್ನು 2024ರಲ್ಲಿ 69ಕ್ಕೆ ಏರಿಸಿತು. ಹಿರಿಯರು ಎಷ್ಟು ಕಾಲ ದುಡಿಯಬೇಕು, ಅವರು ದುಡಿದರೆ ಕಿರಿಯರಿಗೆ ಜಾಗವೆಲ್ಲಿ ಎಂಬ ಚರ್ಚೆ ಪಿಂಚಣಿ ಇಲಾಖೆಗಳನ್ನು ದಾಟಿ ವಿದ್ಯಾಸಂಸ್ಥೆಗಳ ಅಂಗಳಕ್ಕೂ ಬಂದಿದೆ. ಕ್ವಾಂಟಮ್ ಗುರುತ್ವದಂತಹ ಕ್ಷೇತ್ರದಲ್ಲಿ ಈ ಪ್ರಶ್ನೆ ಮತ್ತಷ್ಟು ತೀಕ್ಷ್ಣವಾಗಿದೆ.

ಒಂದು ಸೇವಾವಧಿಗೆ ನಿಲುಕದ ಪ್ರಶ್ನೆ

ಗುರುತ್ವವೆಂದರೆ ದೇಶಕಾಲದ ಬಾಗುವಿಕೆ ಎಂದು ಐನ್‌ಸ್ಟೀನ್ 1915ರಲ್ಲಿ ಪ್ರತಿಪಾದಿಸಿದರು. ಪರಮಾಣು ಲೋಕವನ್ನು ಆಳುವ ಕ್ವಾಂಟಮ್ ನಿಯಮಗಳು ಮುಂದಿನ ದಶಕದಲ್ಲಿ ರೂಪುಗೊಂಡವು. ಎರಡೂ ತಮ್ಮ ತಮ್ಮ ವಲಯದಲ್ಲಿ ಅತ್ಯಂತ ನಿಖರ. ಆದರೆ ಇವೆರಡನ್ನೂ ಒಂದೇ ಚೌಕಟ್ಟಿಗೆ ತರುವ, ಪ್ರಯೋಗದಿಂದ ದೃಢಪಟ್ಟ ಸಿದ್ಧಾಂತ ಇಂದಿಗೂ ಇಲ್ಲ. ದೇಶಕಾಲವೇ ಕಣಕಣವಾಗಿ ಕಾಣಬಹುದೆಂದು ಊಹಿಸಲಾದ ಪ್ಲಾಂಕ್ ಉದ್ದ ಸುಮಾರು 1.6×10⁻³⁵ ಮೀಟರ್. ಅದನ್ನು ನೇರವಾಗಿ ಕೆದಕಲು ಜಿನೀವಾ ಬಳಿಯ ಬೃಹತ್ ಕಣವೇಗವರ್ಧಕದ ಶಕ್ತಿಗಿಂತ ಸರಿಸುಮಾರು ಸಾವಿರ ಲಕ್ಷ ಕೋಟಿ ಪಟ್ಟು ಹೆಚ್ಚು ಶಕ್ತಿ ಬೇಕು.

ಹೀಗಾಗಿ ಇಲ್ಲಿ ತೀರ್ಪು ನೀಡಬೇಕಾದ ಪ್ರಯೋಗ ದೂರದ ಮಾತು. ಅಭಯ್ ಅಷ್ಟೇಕರ್ 1986ರಲ್ಲಿ ಐನ್‌ಸ್ಟೀನ್ ಸಮೀಕರಣಗಳಿಗೆ ಹೊಸ ಚರಾಕ್ಷರಗಳನ್ನು ನೀಡಿ ಲೂಪ್ ಕ್ವಾಂಟಮ್ ಗುರುತ್ವಕ್ಕೆ ದಾರಿ ತೆರೆದರು. ಸುಮಾರು ನಾಲ್ಕು ದಶಕಗಳ ನಂತರವೂ ಅದು ಸರಿಯೋ, ಎದುರಾಳಿ ತಂತು ಸಿದ್ಧಾಂತ ಸರಿಯೋ ಎಂಬುದು ಇತ್ಯರ್ಥವಾಗಿಲ್ಲ. ನಾಲ್ಕು ದಶಕವೆಂದರೆ ಒಬ್ಬ ಪ್ರಾಧ್ಯಾಪಕನ ಇಡೀ ಸೇವಾವಧಿ.

ಈ ದೀರ್ಘ ಕಾಯುವಿಕೆಗೆ ಕನ್ನಡ ನಾಡಿನಲ್ಲಿಯೇ ನಿದರ್ಶನವಿದೆ. ಬೆಂಗಳೂರಿನವರಾದ ಸಿ.ವಿ. ವಿಶ್ವೇಶ್ವರ, ಕದಡಿದ ಕಪ್ಪುಕುಳಿಯು ಬಡಿದ ಗಂಟೆಯ ನಾದದಂತೆ ಕ್ಷೀಣಿಸುತ್ತಾ ಸಾಗುವ ಅಲೆಗಳನ್ನು ಹೊಮ್ಮಿಸುತ್ತದೆಂದು 1970ರಲ್ಲಿ ತೋರಿಸಿದಾಗ ಅವರಿಗೆ 32 ವರ್ಷ. ಅಂತಹ ಅಲೆಯನ್ನು ಲೈಗೊ ಪತ್ತೆಹಚ್ಚಿದ ಸುದ್ದಿ 2016ರ ಫೆಬ್ರುವರಿಯಲ್ಲಿ ಹೊರಬಿದ್ದಾಗ 77. ಮರುವರ್ಷದ ಜನವರಿಯಲ್ಲಿ ಅವರು ತೀರಿಕೊಂಡರು. ದೇಶಕಾಲದ ಜ್ಯಾಮಿತಿಯ ಬಗ್ಗೆ 33ರ ಹರೆಯದಲ್ಲಿ, 1965ರಲ್ಲಿ ಪ್ರಮೇಯ ಮಂಡಿಸಿದ ರೋಜರ್ ಪೆನ್‌ರೋಸ್‌ಗೆ ನೊಬೆಲ್ ಬಂದದ್ದು 2020ರಲ್ಲಿ, 89ನೆಯ ವಯಸ್ಸಿನಲ್ಲಿ. ಆಕ್ಸ್‌ಫರ್ಡ್‌ನ ಪೀಠದಿಂದ ಅವರು ನಿವೃತ್ತರಾಗಿ ಆಗಲೇ ಎರಡು ದಶಕಗಳು ಸಂದಿದ್ದವು.

ಅರ್ಥಶಾಸ್ತ್ರದ ಲೆಕ್ಕ

ಹಿರಿಯರು ಕೆಲಸ ಬಿಟ್ಟರೆ ಕಿರಿಯರಿಗೆ ಕೆಲಸ ಸಿಗುತ್ತದೆ ಎಂಬ ನಂಬಿಕೆ ಜನಪ್ರಿಯ. ದೇಶದಲ್ಲಿರುವ ಕೆಲಸದ ಒಟ್ಟು ಪ್ರಮಾಣ ನಿಗದಿಯಾಗಿದೆ, ಒಬ್ಬರು ಎದ್ದರಷ್ಟೇ ಮತ್ತೊಬ್ಬರು ಕೂರಬಹುದು ಎಂಬುದು ಅದರ ತಳಹದಿ. ಜೊನಾಥನ್ ಗ್ರೂಬರ್ ಮತ್ತು ಡೇವಿಡ್ ವೈಸ್ ಸಂಪಾದಿಸಿ 2010ರಲ್ಲಿ ಪ್ರಕಟವಾದ 12 ರಾಷ್ಟ್ರಗಳ ಅಧ್ಯಯನ ಇದಕ್ಕೆ ಪುಷ್ಟಿ ನೀಡಲಿಲ್ಲ. ಹಿರಿಯರ ಉದ್ಯೋಗ ಹೆಚ್ಚಿದ ಕಡೆ ಕಿರಿಯರ ಉದ್ಯೋಗ ಕುಗ್ಗಿದ ಪುರಾವೆ ಅದರಲ್ಲಿ ದೊರೆಯಲಿಲ್ಲ. ದುಡಿಯುವ ಹಿರಿಯ ಸಂಬಳ ಪಡೆಯುತ್ತಾನೆ, ಖರ್ಚು ಮಾಡುತ್ತಾನೆ, ತೆರಿಗೆ ಕಟ್ಟುತ್ತಾನೆ. ಅದರಿಂದ ಹೊಸ ಕೆಲಸವೂ ಹುಟ್ಟುತ್ತದೆ.

ಆದರೆ ಇಡೀ ದೇಶಕ್ಕೆ ಸಲ್ಲುವ ಮಾತು ಒಂದು ಭೌತವಿಜ್ಞಾನ ವಿಭಾಗಕ್ಕೆ ಸಲ್ಲಬೇಕೆಂದಿಲ್ಲ. ಅಲ್ಲಿ ಮಂಜೂರಾದ ಹುದ್ದೆಗಳು ನಿಜಕ್ಕೂ ಎಣಿಕೆಯವು. ಅಮೆರಿಕದಲ್ಲಿ 1994ರ ಆರಂಭದಿಂದ ಕಾಯಂ ಪ್ರಾಧ್ಯಾಪಕರ ಕಡ್ಡಾಯ ನಿವೃತ್ತಿ ರದ್ದಾಯಿತು. ಅದರ ಪರಿಣಾಮವನ್ನು ಓರ್ಲಿ ಆಶೆನ್‌ಫೆಲ್ಟರ್ ಮತ್ತು ಡೇವಿಡ್ ಕಾರ್ಡ್ 2002ರಲ್ಲಿ ಪ್ರಕಟಿಸಿದರು: 70 ಮತ್ತು 71ನೆಯ ವಯಸ್ಸಿನಲ್ಲಿ ನಿವೃತ್ತರಾಗುವವರ ಪ್ರಮಾಣ ಸುಮಾರು ಮೂರನೆಯ ಎರಡರಷ್ಟು ಕುಸಿದಿತ್ತು. ಪ್ರಾಧ್ಯಾಪಕರ ಕೆಲಸದಲ್ಲಿ ಮೈ ಸವೆಯುವುದಿಲ್ಲ. ಅವಕಾಶ ಸಿಕ್ಕರೆ ಹಲವರು ಮುಂದುವರಿಯುತ್ತಾರೆ. ಗಾರೆ ಕೆಲಸದವನಿಗೆ ಆ ಆಯ್ಕೆಯಿಲ್ಲ. ಅಸಂಘಟಿತ ವಲಯದಲ್ಲಿ ದುಡಿಯುವ ಬಹುಸಂಖ್ಯಾತ ಭಾರತೀಯರಿಗಂತೂ ನಿವೃತ್ತಿ ಎಂಬ ಪದಕ್ಕೇ ಅರ್ಥವಿಲ್ಲ.

ಬ್ರಿಟನ್ನಿನಲ್ಲಿ 65ರ ಸಾಮಾನ್ಯ ನಿವೃತ್ತಿ ವಯಸ್ಸು 2011ರಲ್ಲಿ ರದ್ದಾದರೂ, ಸಕಾರಣವಿದ್ದರೆ ಸಂಸ್ಥೆಗಳು ತಮ್ಮದೇ ಮಿತಿ ಇಟ್ಟುಕೊಳ್ಳಬಹುದು. ಕಿರಿಯರಿಗೆ ಅವಕಾಶ ಕಲ್ಪಿಸಲು ಮಿತಿ ಅಗತ್ಯ ಎಂಬುದು ಆಕ್ಸ್‌ಫರ್ಡ್ ವಾದ. ಅಲ್ಲಿನ ಭೌತವಿಜ್ಞಾನಿ ಪಾಲ್ ಎವರ್ಟ್ ಇದನ್ನು ಪ್ರಶ್ನಿಸಿದರು. ಈ ನಿಯಮದಿಂದ ಹುದ್ದೆ ತೆರವಾಗುವ ಪ್ರಮಾಣ ಶೇ 2ರಿಂದ 4ರಷ್ಟು ಮಾತ್ರ ಹೆಚ್ಚುತ್ತದೆಂದು ಅಂಕಿ-ಅಂಶಗಳ ಸಮೇತ ವಾದಿಸಿ ಉದ್ಯೋಗ ನ್ಯಾಯಮಂಡಳಿಯಲ್ಲಿ ಗೆದ್ದರು. ಸ್ವಾರಸ್ಯವೆಂದರೆ, ಇದೇ ನಿಯಮವನ್ನು ಪ್ರಶ್ನಿಸಿದ್ದ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕ ಜಾನ್ ಪಿಚರ್ ಸೋತರು. ಮೇಲ್ಮನವಿ ಮಂಡಳಿ 2021ರಲ್ಲಿ ಎರಡೂ ತೀರ್ಪುಗಳನ್ನು ಎತ್ತಿಹಿಡಿಯಿತು.

ಕುರ್ಚಿ ಬೇರೆ, ಮೇಜು ಬೇರೆ

ಹಿರಿಯರ ಉಪಸ್ಥಿತಿಗೆ ಇನ್ನೊಂದು ಮಗ್ಗುಲೂ ಇದೆ. ಅಕಾಲದಲ್ಲಿ ಮೃತಪಟ್ಟ 452 ಪ್ರಖ್ಯಾತ ಜೀವವಿಜ್ಞಾನಿಗಳ ಕ್ಷೇತ್ರಗಳನ್ನು ಪಿಯರ್ ಅಜೌಲೆ ಮತ್ತು ಸಂಗಡಿಗರು ಪರಿಶೀಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿಗ್ಗಜನ ನಿಧನಾನಂತರ ಅವರ ಒಡನಾಡಿಗಳ ಪ್ರಬಂಧಗಳು ಕಡಿಮೆಯಾದವು; ಅದುವರೆಗೆ ಹೊರಗಿದ್ದವರು ಒಳಬಂದು ಹೊಸ ವಿಚಾರ ತಂದರು. ಇದು ಜೀವವಿಜ್ಞಾನದ ಮಾತಾದರೂ, ಪ್ರಯೋಗದ ತೀರ್ಪಿಲ್ಲದ ಕ್ವಾಂಟಮ್ ಗುರುತ್ವದಲ್ಲಿ ಹಿರಿಯರ ಅಭಿಪ್ರಾಯಕ್ಕೆ ಇನ್ನೂ ಹೆಚ್ಚಿನ ತೂಕ ಬರುವುದು ಸಹಜ. ಯಾವ ದಾರಿ ಭರವಸೆಯದು, ಯಾರನ್ನು ನೇಮಿಸಬೇಕು ಎಂಬುದನ್ನು ಅವರೇ ನಿರ್ಧರಿಸುತ್ತಾರೆ.

ಅಂದರೆ ಸಮಸ್ಯೆ ಇರುವುದು ಹಿರಿಯರ ದುಡಿಮೆಯಲ್ಲಲ್ಲ, ಅದಕ್ಕೆ ಅಂಟಿಕೊಂಡ ಅಧಿಕಾರದಲ್ಲಿ. ಈ ಎರಡನ್ನೂ ಬೇರ್ಪಡಿಸುವುದು ಅಸಾಧ್ಯವಲ್ಲ. ಪ್ರಿನ್ಸ್‌ಟನ್‌ನ ಕಡ್ಡಾಯ ನಿವೃತ್ತಿ ಎದುರಾದಾಗ ಜಾನ್ ವ್ಹೀಲರ್ 1976ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ತೆರಳಿ, ಹತ್ತು ವರ್ಷ ಹೊಸ ತಲೆಮಾರಿನ ಜೊತೆ ಕ್ವಾಂಟಮ್ ತಳಹದಿಯ ಪ್ರಶ್ನೆಗಳನ್ನು ಕೆದಕಿದರು. ಅದಕ್ಕೂ ಮುನ್ನ, 1948ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾದ ಸಿ.ವಿ. ರಾಮನ್, ಮೈಸೂರು ಅರಸರು ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿ 1970ರವರೆಗೂ ದುಡಿದರು. ಮುಂದೆ ವಿಶ್ವೇಶ್ವರ ಅವರು ಕೆಲಸ ಮಾಡಿದ್ದೂ, ಕ್ವಾಂಟಮ್ ಗುರುತ್ವದ ಅಧ್ಯಯನ ನೆಲೆಯೂರಿದ್ದೂ ಅದೇ ಸಂಸ್ಥೆಯಲ್ಲಿ. ಒಬ್ಬ ನಿವೃತ್ತನ ದುಡಿಮೆ ಕಿರಿಯರ ಹುದ್ದೆಗಳನ್ನು ಕಸಿಯಲಿಲ್ಲ, ಸೃಷ್ಟಿಸಿತು.

ಭಾರತದ ನೀತಿ ಮಾತ್ರ ಸಂಖ್ಯೆಯನ್ನೇ ಹಿಡಿದುಕೊಂಡಿದೆ. ಕೇಂದ್ರ ನೌಕರರ ನಿವೃತ್ತಿ ವಯಸ್ಸು 1998ರಲ್ಲಿ, ಕರ್ನಾಟಕ ಸರ್ಕಾರಿ ನೌಕರರದು 2008ರಲ್ಲಿ 58ರಿಂದ 60ಕ್ಕೇರಿತು. ಕೇಂದ್ರೀಯ ವಿದ್ಯಾಸಂಸ್ಥೆಗಳ ಅಧ್ಯಾಪಕರದು 2007ರಲ್ಲಿ 62ರಿಂದ 65ಕ್ಕೇರಿತು. ಏರಿಸಿದಾಗಲೆಲ್ಲ ಯುವಜನರ ಅವಕಾಶಕ್ಕೆ ಕುತ್ತು ಎಂಬ ಆಕ್ಷೇಪ ಕೇಳಿಬರುತ್ತದೆ. ಆದರೆ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ವರ್ಷದಿಂದ ವರ್ಷಕ್ಕೆ ತಾತ್ಕಾಲಿಕವಾಗಿಯೇ ದುಡಿಯುತ್ತಿರುವುದಕ್ಕೆ ಹಿರಿಯರು ಕುರ್ಚಿ ಬಿಡದಿರುವುದು ಕಾರಣವಲ್ಲ; ತೆರವಾದ ಕುರ್ಚಿಯನ್ನೂ ತುಂಬದಿರುವುದು ಕಾರಣ. ನಿವೃತ್ತಿಯ ದಿನವೇ ಬದಲಿ ನೇಮಕ ಖಚಿತವಾಗದಿದ್ದರೆ ವಯೋಮಿತಿಯ ಯಾವ ಸಂಖ್ಯೆಯೂ ಕಿರಿಯರಿಗೆ ನ್ಯಾಯ ಒದಗಿಸಲಾರದು.

ಆದ್ದರಿಂದ ಚರ್ಚೆ 60, 62 ಅಥವಾ 65ರ ಸುತ್ತ ಗಿರಕಿ ಹೊಡೆಯುವುದರಲ್ಲಿ ಅರ್ಥವಿಲ್ಲ. ನಿಗದಿತ ವಯಸ್ಸಿಗೆ ಹುದ್ದೆ, ಪೂರ್ಣ ಸಂಬಳ ಹಾಗೂ ನೇಮಕಾತಿ ಸಮಿತಿಯ ಸ್ಥಾನ ತೆರವಾಗಬೇಕು. ಕೂಡಲೇ ಕಿರಿಯರ ನೇಮಕವಾಗಬೇಕು. ಮೇಜು, ಗ್ರಂಥಾಲಯದ ಪ್ರವೇಶ, ವಿದ್ಯಾರ್ಥಿಗಳ ಒಡನಾಟ ಮಾತ್ರ ಹಿರಿಯರಿಗೆ ಉಳಿಯಬೇಕು. ಕಾಗದ, ಲೇಖನಿ, ಕರಿಹಲಗೆಯಲ್ಲಿ ನಡೆಯುವ ಸಂಶೋಧನೆಗೆ ಇದರ ವೆಚ್ಚ ಅತ್ಯಲ್ಪ. ನೂರು ವರ್ಷಗಳಿಂದ ಬಿಡಿಸಲಾಗದ ಒಗಟಿಗೆ ಎರಡು ತಲೆಮಾರುಗಳ ದುಡಿಮೆಯೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಹೊರಗಟ್ಟುವ ಅನಿವಾರ್ಯತೆಯನ್ನು ಸೃಷ್ಟಿಸಿರುವುದು ವಿಜ್ಞಾನವಲ್ಲ, ಆಡಳಿತ.