ಹೆಸರಿನಲ್ಲಿ ಉಳಿದ ಕೆರೆ

ಒಂದು ಮಗ್ಗುಲಲ್ಲಿ ಕೃಷ್ಣೆ, ಇನ್ನೊಂದು ಮಗ್ಗುಲಲ್ಲಿ ತುಂಗಭದ್ರೆ. ನಡುವೆ ರಾಯಚೂರು ಸೀಮೆ. ಇಷ್ಟಿದ್ದೂ ಇದು ಬರಕ್ಕೆ ಹೆಸರಾದ ನಾಡು. ವರ್ಷಕ್ಕೆ ಬೀಳುವ ಮಳೆ ಆರೇಳುನೂರು ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ದೊಡ್ಡ ಪಾಲು ಕೆಲವೇ ತಾಸುಗಳಲ್ಲಿ ಸುರಿದು ಹೋಗುವುದುಂಟು. ಬೇಸಗೆಯಲ್ಲಿ ನೀರಿಲ್ಲವೆಂದು ಕೊಡ ಹಿಡಿದು ನಿಂತ ಗೃಹಿಣಿಯೇ ಮಳೆಗಾಲದಲ್ಲಿ ಅದೇ ಕೊಡದಿಂದ ಮನೆಯೊಳಗಿನ ನೀರನ್ನು ಹೊರಗೆ ಚೆಲ್ಲಬೇಕಾಗುತ್ತದೆ.

ಹಿಂದಿನವರು ನೀರಿನ ನಡೆಯನ್ನು ಬಲ್ಲವರಾಗಿದ್ದರು. 1294ರ ಶಾಸನವುಳ್ಳ ರಾಯಚೂರು ಕೋಟೆಯ ಬೆಟ್ಟದ ಬುಡದಲ್ಲಿ ಮಾವಿನಕೆರೆಯಿದೆ. ಬೆಟ್ಟದಿಂದಿಳಿದ ನೀರು ಬೀದಿಗೆ ನುಗ್ಗುವ ಮೊದಲು ತಂಗುವುದಕ್ಕೆ ಇಂತಹ ಕೆರೆಗಳೇ ಆಸರೆ. ನಗರದ ಬಡಾವಣೆಗಳ ಹೆಸರುಗಳನ್ನು ಕೇಳಿದರೂ ಸಾಕು: ಸಿಯಾತಲಾಬ್, ನೀರಬಾವಿಕುಂಟೆ. ತಲಾಬ್ ಎಂದರೆ ಕೆರೆ. ಕುಂಟೆಯೆಂದರೆ ನೀರು ನಿಲ್ಲುವ ತಗ್ಗು. ಜನರು ಮರೆತುದನ್ನು ಹೆಸರು ನೆನಪಿನಲ್ಲಿಟ್ಟುಕೊಂಡಿದೆ, ನೀರೂ ನೆನಪಿನಲ್ಲಿಟ್ಟುಕೊಂಡಿದೆ.

ಲೆಕ್ಕ ಸರಳವಾದುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವೊಂದು ಸುಮಾರು 111 ಚದರ ಮೀಟರು. 50 ಮಿಲಿಮೀಟರು ಮಳೆಗೆ ಅದರ ಮೇಲೆ ಬೀಳುವುದು ಐದೂವರೆ ಸಾವಿರ ಲೀಟರು. ಸಾವಿರ ನಿವೇಶನಗಳಿಗೆ ಐವತ್ತೈದು ಲಕ್ಷ ಲೀಟರು. ಬಯಲಾಗಿದ್ದಾಗ ಇದರಲ್ಲಿ ಒಂದಂಶವನ್ನು ನೆಲ ಕುಡಿಯುತ್ತಿತ್ತು. ಮಿಕ್ಕುದು ಮೆಲ್ಲಗೆ ಹರಿಯುತ್ತಿತ್ತು. ತಾರಸಿಯೂ ಕಾಂಕ್ರೀಟು ರಸ್ತೆಯೂ ಬಂದಮೇಲೆ ಹೆಚ್ಚುಕಡಮೆ ಎಲ್ಲವೂ ಒಮ್ಮೆಲೇ ಚರಂಡಿಗೆ ಧಾವಿಸುತ್ತದೆ. ಚರಂಡಿಯಲ್ಲಿ ಹೂಳೂ ಕಸವೂ ಮೊದಲೇ ಮನೆ ಮಾಡಿಕೊಂಡಿರುತ್ತವೆ.

ಉಳ್ಳವನು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಮನೆಯ ತಳಪಾಯವನ್ನು ಎರಡಡಿ ಎತ್ತರಿಸುವುದು. ಅದರಿಂದ ನೀರು ಕಡಮೆಯಾಗುವುದಿಲ್ಲ. ಪಕ್ಕದ ತಗ್ಗು ಮನೆಯವನ ಪಾಲಿಗೆ ಹೋಗುತ್ತದೆ, ಅಷ್ಟೆ.

ನದಿಯ ಪ್ರವಾಹದ ರೀತಿ ಬೇರೆ. 2009ರಲ್ಲಿ ಕೃಷ್ಣಾ, ತುಂಗಭದ್ರೆಗಳು ಉಕ್ಕಿ ಜಿಲ್ಲೆಯನ್ನು ನಡುಗಿಸಿದವು. 2019ರಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಆದರೆ ನಾರಾಯಣಪುರ ಜಲಾಶಯದಿಂದ ನೀರು ಬಿಡುವಾಗ ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡಲು ಅವಕಾಶವುಂಟು. ಬೀದಿಯ ನೀರಿಗೆ ಡಂಗುರವಿಲ್ಲ. ಅದು ನಡುರಾತ್ರಿಯಲ್ಲಿ ಹೊಸ್ತಿಲು ದಾಟುತ್ತದೆ.

ರಾಯಚೂರಿನಲ್ಲಿ ಕಟ್ಟಿದ್ದನ್ನು ಕೆಡಹುವುದು ಕಷ್ಟ. ಅಲ್ಲಿ ಉಳಿದಿರುವ ಕಾಲುವೆಗಳ ಹೂಳನ್ನಾದರೂ ಮಳೆಗಾಲಕ್ಕೆ ಮುಂಚೆ ತೆಗೆಯಬೇಕು. ದೇವದುರ್ಗ, ಮಾನ್ವಿಗಳು ಇನ್ನೂ ಬೆಳೆಯುತ್ತಿರುವ ಊರುಗಳು. ಅವುಗಳಿಗೆ ಕಾಲ ಮಿಂಚಿಲ್ಲ. ಹೊಸ ಬಡಾವಣೆಯ ನಕ್ಷೆಯಲ್ಲಿ ಮೊದಲು ಹಳ್ಳವನ್ನು ಗುರುತಿಸಿ, ಆಮೇಲೆ ನಿವೇಶನವನ್ನು ಅಳೆಯಬೇಕು. ತಾರಸಿಯ ನೀರನ್ನು ತೊಟ್ಟಿಗೋ ಇಂಗುಗುಂಡಿಗೋ ತಿರುಗಿಸಬೇಕು. ಎರೆಮಣ್ಣು ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುವುದರಿಂದ ಗುಂಡಿಯು ಅದನ್ನು ದಾಟಿ ಕೆಳಗಿನ ಗರಸನ್ನು ಮುಟ್ಟಬೇಕು. ಗೋಡೆಯ ಬುಡದಿಂದ ದೂರವಿರಬೇಕು.

ಇದಾವುದೂ ಭಾರಿ ವೆಚ್ಚದ ಕಾರ್ಯವಲ್ಲ. ಹಳ್ಳದ ಪಾಲಿನ ನೆಲವನ್ನು ಹಳ್ಳಕ್ಕೆ ಬಿಡುವ ಮನಸ್ಸು ಬೇಕು. ಬಿಡದಿದ್ದರೆ ಹಳ್ಳವು ಬಂದು ಕೇಳದೆ ಇರದು. ಆಗ ತೆರಬೇಕಾದವನು ನೆಲವನ್ನು ಮಾರಿದವನಲ್ಲ, ಸಾಲ ಮಾಡಿ ಕೊಂಡವನು.